ಪ್ರತಿಯ ಪ್ರಾಮಾಣ್ಯ: ಕೊಣ್ಣೂರಿನ ಕಲ್ಲಿನಿಂದ ಕೈಯ ಫೋನಿನವರೆಗೆ

ಸ್ಮಾರ್ಟ್‌ಫೋನು ಏನು ಮಾಡಿದರೂ ಎಚ್ಚರಗೊಳ್ಳದೆ ಹೋದಾಗ ಎರಡು ಪ್ರಶ್ನೆಗಳು ಏಳುತ್ತವೆ. ಒಳಗಿದ್ದದ್ದು ಮರಳಿ ಸಿಗುತ್ತದೆಯೇ ಎಂಬುದು ಮೊದಲನೆಯದು. ಬೇರೆಡೆ ಇಟ್ಟಿದ್ದ ಪ್ರತಿಯಿಂದ ಮರಳಿ ಬಂದದ್ದು ಕಳೆದುಹೋದದ್ದೇ ಹೌದೆ, ಹೌದೆಂದು ಯಾವ ಆಧಾರದ ಮೇಲೆ ನಂಬಬೇಕು ಎಂಬುದು ಎರಡನೆಯದು. ಮೊದಲನೆಯದು ರಿಪೇರಿ ಮಾಡುವವರ ಪ್ರಶ್ನೆ. ಎರಡನೆಯದನ್ನು ಭಾರತೀಯ ದಾರ್ಶನಿಕರು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದರು: ನೆನಪು ಪ್ರಮಾಣವೇ, ಅಂದರೆ ನಂಬತಕ್ಕ ಜ್ಞಾನಸಾಧನವೇ ಎಂದು ನೈಯಾಯಿಕರು ಕೇಳಿದರು, ರೂಪ ಅಳಿದಾಗ ಉಳಿಯುವುದೇನು ಎಂದು ಜೈನರು ಕೇಳಿದರು, ಮೂಲ ಕಾಣದಿದ್ದಾಗ ಅದರ ಆಧಾರದ ಮೇಲೆ ನಿಂತ ಗ್ರಂಥಕ್ಕೆ ಬೆಲೆಯೇನು ಎಂದು ಮೀಮಾಂಸಕರು ಕೇಳಿದರು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ನೆಲದಲ್ಲಿ ಇದೇ ಪ್ರಶ್ನೆಗೆ ಕಲ್ಲಿನ ಸಾಕ್ಷ್ಯವಿದೆ, ತಾಮ್ರದ ಸಾಕ್ಷ್ಯವೂ ಇದೆ.

ಫೋನಿನ ಸಾವು ಒಂದೇ ಬಗೆಯದಲ್ಲ. ‘ಡಿಸ್‌ಪ್ಲೇ ಹೋಗಿದೆ’, ‘ಹ್ಯಾಂಗ್ ಆಗಿದೆ’, ‘ಬೋರ್ಡ್ ಹೋಗಿದೆ’ ಎಂದು ಅಂಗಡಿಯಲ್ಲಿ ಕೇಳಿಬರುವ ಮೂರು ಮಾತುಗಳು ಮೂರು ಬೇರೆ ಬೇರೆ ಸ್ಥಿತಿಗಳನ್ನು ಹೇಳುತ್ತವೆ. ಡಿಸ್‌ಪ್ಲೇ ಹೋದ ಫೋನು ಒಳಗೆ ಎಚ್ಚರವಾಗಿಯೇ ಇರುತ್ತದೆ; ಕರೆ ಮಾಡಿದರೆ ರಿಂಗಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಹೊಸ ಡಿಸ್‌ಪ್ಲೇ ಕೂರಿಸಿದರೆ ಎಲ್ಲವೂ ಇದ್ದಲ್ಲೇ ಇರುತ್ತದೆ. ಹ್ಯಾಂಗ್ ಆದ ಫೋನು ಪವರ್ ಮತ್ತು ವಾಲ್ಯೂಮ್ ಬಟನ್‌ಗಳನ್ನು ಒಟ್ಟಿಗೆ ಕೆಲಕಾಲ ಒತ್ತಿ ಹಿಡಿದರೆ ಮತ್ತೆ ಶುರುವಾಗುವುದುಂಟು. ಆಗದಿದ್ದರೆ ‘ಸಾಫ್ಟ್‌ವೇರ್ ಹೊಡೆಯಬೇಕು’ ಎನ್ನುತ್ತಾರೆ. ಹಾಗೆ ಹೊಡೆದಾಗ ಫೋನು ಬದುಕಿಕೊಂಡರೂ ಮಾಲೀಕ ಕೂಡಿಟ್ಟದ್ದು ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಫೋನು ಬೇಕೋ ಒಳಗಿನದು ಬೇಕೋ ಎಂಬುದನ್ನು ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆಯೇ ತೀರ್ಮಾನಿಸಿಕೊಂಡಿರಬೇಕು. ನೀರು ಹೊಕ್ಕ ಫೋನಿನ ಪಾಡು ಇನ್ನೊಂದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೂ ರೋಣ ತಾಲ್ಲೂಕಿನ ಹೊಳೆಆಲೂರಿನ ಸುತ್ತಲಿನ ಊರುಗಳಿಗೂ ನುಗ್ಗಿತು. ಅಂಥ ಹೊತ್ತಿನಲ್ಲಿ ನೆನೆದ ಫೋನನ್ನು ಆತುರಕ್ಕೆ ಚಾರ್ಜಿಗೆ ಹಾಕಿದರೆ, ಬದುಕಬಹುದಾಗಿದ್ದ ಬೋರ್ಡು ಕೂಡ ಸುಟ್ಟುಹೋಗಬಹುದು. ವಿದ್ಯುತ್ ತಾಕಿಸದೆ ಒಣಗಲು ಬಿಡುವುದೇ ಸರಿಯಾದ ಕ್ರಮ. ಅಕ್ಕಿಯಲ್ಲಿ ಹುಗಿದಿಡುವುದರಿಂದ ಒಳಗಿನ ತೇವ ಹೋಗುವುದಿಲ್ಲ.

ಬೋರ್ಡೇ ಹೋದಾಗ ಸಮಸ್ಯೆ ಬೇರೆ ಮಟ್ಟಕ್ಕೇರುತ್ತದೆ. ಹಿಂದೆ ಮೆಮೊರಿ ಚಿಪ್ಪನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಚ್ಚಿ ಓದುವುದು ಸಾಧ್ಯವಿತ್ತು. 2015ರ ಆಂಡ್ರಾಯ್ಡ್ 6ರ ನಂತರ ಹೊಸ ಫೋನುಗಳಲ್ಲಿ ಗೂಢಲಿಪೀಕರಣ ಸಾಮಾನ್ಯವಾಯಿತು. 2019ರ ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಕಡ್ಡಾಯವೇ ಆಯಿತು. ಐಫೋನಿನಲ್ಲಿ ಅದು ಇನ್ನೂ ಮೊದಲಿನಿಂದ ಇದೆ. ಚಿಪ್ಪಿನಲ್ಲಿರುವ ಅಕ್ಷರಗಳನ್ನು ತೆರೆಯುವ ಕೀಲಿ ಅದೇ ಫೋನಿನ ಪ್ರೊಸೆಸರಿನೊಳಗೆ ಭದ್ರವಾಗಿರುತ್ತದೆ. ಮಾಲೀಕನ ಪಿನ್ ಅಥವಾ ಪ್ಯಾಟರ್ನ್ ಅದರ ಜೊತೆ ಸೇರಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಹಾಗಾಗಿ ಚಿಪ್ಪೊಂದನ್ನೇ ಹೊರತೆಗೆದರೆ ಸಿಗುವುದು ಅರ್ಥವಿಲ್ಲದ ಗೊಂದಲ. ಅದೇ ಬೋರ್ಡಿಗೆ ಒಂದು ಸಲವಾದರೂ ಜೀವ ಬರಿಸಿ, ಅದೇ ಬೀಗವನ್ನು ಅದೇ ಕೀಲಿಯಿಂದ ತೆಗೆಸುವುದೊಂದೇ ದಾರಿ. ಎಷ್ಟೋ ಸಲ ಒಳಗಿನದು ಒಂದು ಅಕ್ಷರವೂ ಕೆಡದೆ ಇರುತ್ತದೆ. ಹಾಗಿದ್ದೂ ಅದು ಯಾರಿಗೂ ದಕ್ಕುವುದಿಲ್ಲ.

ಇದ್ದೂ ದಕ್ಕದ ಈ ಸ್ಥಿತಿಯನ್ನು ನ್ಯಾಯದರ್ಶನ ಬಹಳ ಚೆನ್ನಾಗಿ ಬಿಡಿಸಿಟ್ಟಿದೆ. ಅನುಭವ ಮುಗಿದ ಮೇಲೆ ಆತ್ಮದಲ್ಲಿ ಅದರ ಅಚ್ಚು ಉಳಿಯುತ್ತದೆ, ಅದು ಸಂಸ್ಕಾರ. ಸಂಸ್ಕಾರವೇ ಸ್ಮೃತಿಯಲ್ಲ. ಅದನ್ನು ಎಬ್ಬಿಸುವ ಇನ್ನೊಂದು ಕಾರಣ ಬೇಕು. ಅದಕ್ಕೆ ಉದ್ಬೋಧಕ ಎಂದು ಹೆಸರು. ಪರಿಚಿತ ವಾಸನೆ, ಸಾದೃಶ್ಯ, ಜೊತೆಯಲ್ಲಿ ಕಂಡ ವಸ್ತು, ಇವೆಲ್ಲ ಉದ್ಬೋಧಕಗಳು. ಉದ್ಬೋಧಕ ಸಿಗದಿದ್ದರೆ ಸಂಸ್ಕಾರ ಇದ್ದೂ ನೆನಪಾಗಿ ಏಳುವುದಿಲ್ಲ. ಮರೆವು ಎಂದರೆ ನಾಶವಾಗಿರಬೇಕಿಲ್ಲ, ಎಬ್ಬಿಸುವುದರ ಅಭಾವವೂ ಆಗಿರಬಹುದು ಎಂದು ಇದರಿಂದ ಸಿದ್ಧವಾಗುತ್ತದೆ. ಬೋರ್ಡು ಸತ್ತ ಫೋನಿನ ಚಿಪ್ಪಿನಲ್ಲಿರುವುದು ಈ ಅರ್ಥದಲ್ಲಿ ಸಂಸ್ಕಾರ ಮಾತ್ರ.

ನೈಯಾಯಿಕರು ಇಷ್ಟಕ್ಕೇ ನಿಲ್ಲಲಿಲ್ಲ. ಸ್ಮೃತಿ ಎದ್ದರೂ ಅದನ್ನು ಸ್ವತಂತ್ರ ಪ್ರಮಾಣವೆಂದು ಅವರು ಒಪ್ಪುವುದಿಲ್ಲ. ನೆನಪು ತಾನಾಗಿ ಏನನ್ನೂ ಕಾಣುವುದಿಲ್ಲ. ಹಿಂದೆ ಕಂಡದ್ದನ್ನೇ ಮತ್ತೆ ಹಿಡಿಯುತ್ತದೆ. ಮೊದಲ ಕಾಣ್ಕೆ ಸರಿಯಿದ್ದರೆ ನೆನಪೂ ಸರಿ, ಅದು ತಪ್ಪಿದ್ದರೆ ಇದೂ ತಪ್ಪು. ಬ್ಯಾಕಪ್ಪಿನ ವಿಷಯದಲ್ಲಿ ಇಷ್ಟು ನಿಖರವಾದ ವಿಚಾರ ಅಪರೂಪ. ಮಸುಕಾಗಿ ತೆಗೆದ ಖರೀದಿ ಪತ್ರದ ಫೋಟೊವನ್ನು ಹತ್ತು ಕಡೆ ಇಟ್ಟರೂ ಹತ್ತೂ ಮಸುಕಾಗಿಯೇ ಇರುತ್ತವೆ. ಪ್ರತಿಗೆ ತನ್ನದೇ ಆದ ಸತ್ಯವಿಲ್ಲ. ಮೂಲವನ್ನು ಕಂಡಾಗಿನ ಸತ್ಯವೇ ಅದರ ಬಂಡವಾಳ. ಹಾಗಾದರೆ ಮೂಲ ಕಣ್ಣೆದುರು ಇಲ್ಲದ ದಿನ ಪ್ರತಿಯನ್ನು ನಂಬುವುದು ಹೇಗೆ?

ಇದಕ್ಕೆ ನರಗುಂದ ತಾಲ್ಲೂಕಿನಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಮಲಪ್ರಭೆಯ ದಂಡೆಯ ಕೊಣ್ಣೂರಿನ ಹಳೆಯ ಹೆಸರು ಕೊಳನೂರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ದಂಡನಾಯಕ ಬಂಕೆಯ ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದ. ಬಂಕಾಪುರಕ್ಕೆ ಹೆಸರು ಕೊಟ್ಟ ಬಂಕೆಯ ಇವನೇ. ಅವನ ಬಿನ್ನಹದಂತೆ ಅಮೋಘವರ್ಷ ಆ ಜಿನಾಲಯಕ್ಕಾಗಿ ದೇವೇಂದ್ರ ಮುನಿಗೆ ತಳೆಯೂರು ಎಂಬ ಹಳ್ಳಿಯನ್ನೂ ಬೇರೆ ಊರುಗಳಲ್ಲಿ ಭೂಮಿಯನ್ನೂ ದಾನ ಕೊಟ್ಟ. ದಾನದ ಕಾಲ ಶಕ 782ರ ಆಶ್ವಯುಜ ಹುಣ್ಣಿಮೆ, ಚಂದ್ರಗ್ರಹಣದ ಪರ್ವ. ಕೊಣ್ಣೂರಿನ ಶಿಲಾಶಾಸನ ಇದನ್ನೆಲ್ಲ ಹೇಳುತ್ತದೆ. ಆದರೆ ಆ ಕಲ್ಲು ಅಮೋಘವರ್ಷನ ಕಾಲದ್ದಲ್ಲ. ಮೇಘಚಂದ್ರ ತ್ರೈವಿದ್ಯನ ಶಿಷ್ಯ ವೀರನಂದಿ ಕೇಳಿಕೊಂಡದ್ದರಿಂದ ಕೊಳನೂರಿನ ಮಹಾಪ್ರಭು ಹುಲಿಯಮರಸನೂ ಇತರರೂ ಆ ದಾನದ ತಾಮ್ರಶಾಸನವನ್ನು ನೋಡಿ ಅದನ್ನು ಕಲ್ಲಿಗೆ ಬರೆಸಿದರೆಂದು ಶಾಸನದ ಕೊನೆಯ ಭಾಗವೇ ತಿಳಿಸುತ್ತದೆ. ಮೇಘಚಂದ್ರ ತೀರಿಕೊಂಡದ್ದು 1115ರಲ್ಲಿ. ಶಿಷ್ಯನ ಕಾಲವೆಂದರೆ 12ನೆಯ ಶತಮಾನದ ನಡುಭಾಗ. ಅಂದರೆ ದಾನ ನಡೆದು ಸುಮಾರು ಮುನ್ನೂರು ವರ್ಷಗಳಾದ ಮೇಲೆ ಕೊಳನೂರಿನವರು ತಮ್ಮ ಬಸದಿಯ ಹಕ್ಕುಪತ್ರಕ್ಕೆ ಇನ್ನೊಂದು ಪ್ರತಿ ಮಾಡಿಕೊಂಡರು.

ತಾಮ್ರದ ತಗಡು ಹಗುರ, ಒಯ್ಯಬಹುದು, ಅಡಗಿಸಬಹುದು, ಕದಿಯಬಹುದು, ಕರಗಿಸಬಹುದು. ಕಲ್ಲನ್ನು ಯಾರೂ ಮಡಿಲಲ್ಲಿ ಕಟ್ಟಿಕೊಂಡು ಹೋಗಲಾರರು. ಅದು ನಾಲ್ಕು ಜನ ನೋಡುವಲ್ಲಿ ನಿಂತಿರುತ್ತದೆ. ಒಂದು ಮಾಧ್ಯಮದ ದೌರ್ಬಲ್ಯವನ್ನು ಇನ್ನೊಂದರ ಬಲ ತುಂಬಬೇಕೆಂಬ ವಿವೇಕ ಇದರಲ್ಲಿದೆ. ಇಂದು ಬ್ಯಾಕಪ್ಪಿನ ಬಗ್ಗೆ ಬಲ್ಲವರು ಹೇಳುವ ಸೂತ್ರವೂ ಅದೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಕೊಳನೂರಿನವರ ನಡೆಯಲ್ಲಿ ಇನ್ನೂ ಮುಖ್ಯವಾದದ್ದು ಬೇರೆ ಇದೆ. ಅವರು ‘ನೋಡಿ’ ಬರೆಸಿದರು. ಮೂಲ ಕೈಯಲ್ಲಿದ್ದಾಗ, ಊರಿನ ಅಧಿಕಾರಿಯ ಸಮಕ್ಷಮ, ಯಾರ ಮಾತಿನ ಮೇಲೆ ಯಾರು ಬರೆಸಿದರು ಎಂದು ಹೆಸರು ಹಿಡಿದು ದಾಖಲಿಸಿ ಪ್ರತಿ ಮಾಡಿದರು. ಕಲ್ಲು ತಾನು ಪ್ರತಿ ಎಂಬುದನ್ನು ಮುಚ್ಚಿಡಲಿಲ್ಲ.

ಆದರೂ ಈ ಕಲ್ಲಿನ ಮೇಲೆ ಸಂಶಯ ಬಿತ್ತು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪಾಠ ಹೇಳಿದ್ದ ಜರ್ಮನ್ ವಿದ್ವಾಂಸ ಫ್ರಾಂಜ್ ಕೀಲ್‌ಹಾರ್ನ್ ‘ಎಪಿಗ್ರಾಫಿಯ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದಾಗ ಶೀರ್ಷಿಕೆಯಲ್ಲಿಯೇ ಕೂಟಶಾಸನವೆಂದು, ಅಂದರೆ ಖೋಟಾ ಎಂದು, ಗುರುತಿಸಿದ. ಅದೇ ಲೇಖನದಲ್ಲಿ ತಿಥಿಯ ಲೆಕ್ಕವೂ ಇದೆ: ಶಾಸನ ಹೇಳುವ ದಿನ 860ರ ಅಕ್ಟೋಬರ್ 3ಕ್ಕೆ ಕೂಡುತ್ತದೆ, ಅಂದು ಚಂದ್ರಗ್ರಹಣ ನಿಜವಾಗಿಯೂ ಆಗಿತ್ತು. ಮುನ್ನೂರು ವರ್ಷಗಳ ಹಿಂದಿನ ಗ್ರಹಣವನ್ನು ಊಹಿಸಿ ಬರೆದು ಸರಿಹೊಂದಿಸುವುದು ಸುಲಭದ ಕೆಲಸವಲ್ಲ. ತಾಮ್ರಪಟ ಸಿಕ್ಕದಿದ್ದರೂ ಆಕಾಶ ಸಾಕ್ಷಿ ಹೇಳಿತು. ಅನಂತ ಸದಾಶಿವ ಅಳ್ತೇಕರರಂಥ ಇತಿಹಾಸಕಾರರು ಬಂಕೆಯನ ದಂಡಯಾತ್ರೆಗಳ ವಿವರಕ್ಕೆ ಈ ಶಾಸನವನ್ನು ಬಳಸಿಕೊಂಡಿದ್ದಾರೆ. ಪ್ರತಿಯ ಒಳಗಿನ ಒಂದು ಅಂಶವನ್ನು ಪ್ರತಿಯ ಹೊರಗಿನ ಸತ್ಯದೊಂದಿಗೆ ತಾಳೆ ನೋಡುವುದೇ ಪರೀಕ್ಷೆಯ ದಾರಿ. ಫೋಟೊದ ಜೊತೆ ದಾಖಲಾದ ದಿನ, ಸಮಯ, ಸ್ಥಳಗಳನ್ನು ಇತರ ಕಾಗದಪತ್ರಗಳೊಂದಿಗೆ ಹೋಲಿಸುವಾಗ ಇಂದಿನವರು ಮಾಡುವುದೂ ಇದೇ.

ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಬರುವ ಒಂದು ಸಂಸ್ಕೃತ ಶ್ಲೋಕದ ಆಶಯ ಇಲ್ಲಿ ನೆನೆಯತಕ್ಕದ್ದು. ದಾನ ಕೊಡುವುದು, ಕೊಟ್ಟದ್ದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಹೆಚ್ಚು. ಕೊಟ್ಟವನಿಗೆ ಸ್ವರ್ಗ, ಕಾಯ್ದವನಿಗೆ ಚ್ಯುತಿಯಿಲ್ಲದ ಪದವಿ ಎಂದು ಅದು ಸಾರುತ್ತದೆ. ಹೊಸದನ್ನು ಮಾಡಿದವರಿಗಿಂತ ಹಳೆಯದನ್ನು ಉಳಿಸಿದವರನ್ನು ಮೇಲೆ ಕೂರಿಸುವ ಈ ನಿಲುವು ಬರಿಯ ರಾಜನೀತಿಯಲ್ಲ. ಕಾಯುವವನು ತಾನು ಕೊಡದ ದಾನವನ್ನು, ತಾನು ಕಾಣದ ದಾನಿಯ ಹೆಸರಿನಲ್ಲಿ, ತಾನು ಕಾಣಲಾರದ ಜನರಿಗಾಗಿ ಹೊತ್ತಿರುತ್ತಾನೆ. ವೀರನಂದಿ ಮಾಡಿದ್ದು ಅದನ್ನೇ.

ಕೊಳನೂರಿನ ಮುನಿಗಳ ದರ್ಶನವಾದ ಜೈನಮತ ಮೂಲ ಮತ್ತು ಪ್ರತಿಯ ಸಂಬಂಧಕ್ಕೆ ತನ್ನದೇ ಉತ್ತರ ಕೊಡುತ್ತದೆ. ಇರುವುದೆಲ್ಲ ಹುಟ್ಟುತ್ತದೆ, ಅಳಿಯುತ್ತದೆ, ನಿಲ್ಲುತ್ತದೆ. ಈ ಮೂರೂ ಏಕಕಾಲಕ್ಕೆ ನಡೆಯುತ್ತವೆ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಕೊಡುವ ದೃಷ್ಟಾಂತ ಪ್ರಸಿದ್ಧ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕಾದವನು ಅಳುತ್ತಾನೆ, ಕಿರೀಟ ಬೇಕಾದವನು ನಗುತ್ತಾನೆ, ಚಿನ್ನ ಬೇಕಾದವನು ಸುಮ್ಮನಿರುತ್ತಾನೆ. ಮೂವರ ಭಾವವೂ ನಿಜ, ಏಕೆಂದರೆ ಮೂವರೂ ಅದೇ ವಸ್ತುವಿನ ಬೇರೆ ಬೇರೆ ಮುಖವನ್ನು ನೋಡುತ್ತಿದ್ದಾರೆ. ಫೋನು ಸತ್ತ ಮನೆಯಲ್ಲಿ ಈ ಮೂವರೂ ಇರುತ್ತಾರೆ. ದುಡ್ಡು ಕೊಟ್ಟು ಕೊಂಡ ಯಂತ್ರಕ್ಕಾಗಿ ಒಬ್ಬರು ಮರುಗುತ್ತಾರೆ; ಹೊಸದು ಬರುತ್ತದೆಂದು ಇನ್ನೊಬ್ಬರು ಹಿಗ್ಗುತ್ತಾರೆ; ಒಳಗಿನದರ ಪ್ರತಿ ಇದೆಯೆಂದು ಬಲ್ಲವರು ಮಾತ್ರ ನಿಶ್ಚಿಂತರು.

ದೃಷ್ಟಾಂತ ಒಂದು ಕಡೆ ಮಾತ್ರ ಪೂರ್ತಿ ಹೊಂದುವುದಿಲ್ಲ. ಕೊಡದ ಚಿನ್ನವೇ ಕಿರೀಟಕ್ಕೆ ಹೋಗುತ್ತದೆ. ಬ್ಯಾಕಪ್ಪಿನಲ್ಲಿ ದ್ರವ್ಯ ಹೋಗುವುದಿಲ್ಲ, ವಿನ್ಯಾಸ ಮಾತ್ರ ಹೋಗುತ್ತದೆ. ಸಾಗಿಸುವುದಕ್ಕೂ ನಕಲಿಸುವುದಕ್ಕೂ ಇರುವ ಈ ಅಂತರವನ್ನು ದೇವಾಲಯ ಪೂಜೆಯ ಆಗಮಗಳು ಬಲ್ಲವು. ಗರ್ಭಗುಡಿಯ ಜೀರ್ಣೋದ್ಧಾರಕ್ಕೆ ಮುನ್ನ ಮೂರ್ತಿಯಲ್ಲಿನ ದೈವಕಳೆಯನ್ನು ಕಲಶದ ನೀರಿಗೆ ಆವಾಹಿಸುವ ಕಲಾಕರ್ಷಣ ವಿಧಿಯಿದೆ. ಕೆಲಸ ಮುಗಿಯುವವರೆಗೆ ಪೂಜೆ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ನಡೆದು, ಕೊನೆಗೆ ಕುಂಭಾಭಿಷೇಕದಲ್ಲಿ ಕಳೆ ಮೂರ್ತಿಗೆ ಮರಳುತ್ತದೆ. ಕಳೆ ಕಲಶದಲ್ಲಿರುವಾಗ ಹಳೆಯ ಮೂರ್ತಿಗೆ ಪೂಜೆಯಿಲ್ಲ. ಸಾನ್ನಿಧ್ಯ ಸಾಗುತ್ತದೆಯೇ ಹೊರತು ಎರಡಾಗುವುದಿಲ್ಲ. ಹಳೆಯ ಫೋನಿನಿಂದ ಹೊಸ ಫೋನಿಗೆ ಎಲ್ಲವನ್ನೂ ದಾಟಿಸಿ ಹಳೆಯದನ್ನು ಮಾರಿದವರು ಮಾಡಿದ್ದು ಸಾಗಾಟ, ಬ್ಯಾಕಪ್ ಅಲ್ಲ. ಅವರ ಬಳಿ ಇನ್ನೂ ಒಂದೇ ಪ್ರತಿ ಇದೆ. ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಿರುವ ಕಾಲಕಾಲೇಶ್ವರನಂಥ ಕ್ಷೇತ್ರಗಳಲ್ಲಿ ಲಿಂಗ ಉದ್ಭವವೆಂಬ ನಂಬಿಕೆಯಿದೆ. ಯಾರೂ ಪ್ರತಿಷ್ಠಾಪಿಸದ ಅದಕ್ಕೆ ಪ್ರತಿ ಎಂಬ ಮಾತೇ ಸಲ್ಲದು. ಮನುಷ್ಯ ಮಾಡಿದ್ದಕ್ಕೆ ಆ ಭಾಗ್ಯವಿಲ್ಲ.

ಪ್ರತಿಯಲ್ಲಿ ನಂಬಿಕೆ ಇಡುವುದರ ಅಪಾಯವನ್ನು ಎತ್ತಿ ತೋರಿಸಿದವರು ಮೀಮಾಂಸಕರು. ಸ್ಮೃತಿಗ್ರಂಥಗಳಲ್ಲಿ ಹೇಳಿದ ಎಷ್ಟೋ ಆಚರಣೆಗಳಿಗೆ ವೇದವಾಕ್ಯ ಕಾಣಸಿಗುವುದಿಲ್ಲ. ಆ ವಾಕ್ಯಗಳಿದ್ದ ವೇದಶಾಖೆಗಳು ಲುಪ್ತವಾಗಿವೆ, ಸ್ಮೃತಿ ಅವುಗಳ ಆಧಾರದ ಮೇಲೆ ನಿಂತಿದೆ ಎಂದು ಒಪ್ಪಬಹುದೇ? ಕುಮಾರಿಲ ಭಟ್ಟನಿಗೆ ಈ ಸಮಾಧಾನ ಹಿಡಿಸಲಿಲ್ಲ. ಮೂಲ ಕಳೆದಿದೆ, ಆದರೂ ನಂಬಿ ಎನ್ನುವ ದಾರಿಯನ್ನು ಒಮ್ಮೆ ತೆರೆದರೆ ಯಾರು ಬೇಕಾದರೂ ತಮ್ಮ ಮತಕ್ಕೆ ಲುಪ್ತವಾದ ಮೂಲವೊಂದನ್ನು ಹೇಳಿಕೊಳ್ಳಬಹುದು ಎಂದು ‘ತಂತ್ರವಾರ್ತಿಕ’ದಲ್ಲಿ ಅವನು ವಾದಿಸುತ್ತಾನೆ. ಮೂಲ ಅಳಿದಿಲ್ಲ, ಬೇರೆ ಬೇರೆ ಶಾಖೆಗಳಲ್ಲಿ ಚದುರಿದೆ, ಹುಡುಕಿದರೆ ಸಿಗಬಲ್ಲದು ಎಂಬ ಪಕ್ಷವೇ ಅವನಿಗೆ ಒಪ್ಪಿಗೆ. ವೇದಪ್ರಾಮಾಣ್ಯದ ಚರ್ಚೆಯಲ್ಲಿ ಹುಟ್ಟಿದ ಈ ತರ್ಕಕ್ಕೆ ಆ ಚರ್ಚೆಯ ಆಚೆಗೂ ಬೆಲೆಯಿದೆ. ಒಂದೇ ಸ್ಕ್ರೀನ್‌ಶಾಟ್ ತೋರಿಸಿ ‘ಮೂಲ ಸಂದೇಶ ಡಿಲೀಟ್ ಆಗಿದೆ’ ಎನ್ನುವವರ ಮುಂದೆ ಇಡಬೇಕಾದ ಪ್ರಶ್ನೆ ಕುಮಾರಿಲನದೇ: ಅದು ಇನ್ನೆಲ್ಲಿ ಚದುರಿದೆ, ಇನ್ನಾರ ಬಳಿ ಇದೆ?

ಈ ಎಚ್ಚರಿಕೆ ಏಕೆ ಬೇಕೆಂಬುದಕ್ಕೆ ಸೂಡಿಯ ತಾಮ್ರಪಟ ಸಾಕ್ಷಿ. ಮೊದಲು ರೋಣ ತಾಲ್ಲೂಕಿಗೆ ಸೇರಿದ್ದು ಈಗ ಗಜೇಂದ್ರಗಡ ತಾಲ್ಲೂಕಿನಲ್ಲಿರುವ ಸೂಡಿ ಜೋಡುಕಳಸದ ಗುಡಿಗೂ ನಾಗಕುಂಡಕ್ಕೂ ಹೆಸರಾದ ಊರು. ಗಂಗರ ಬೂತುಗನ ಪತ್ನಿ ದೀವಳಾಂಬೆ ಕಟ್ಟಿಸಿದ ಬಸದಿಗೆ ಶಕ 860ರಲ್ಲಿ, ಅಂದರೆ 938ರಲ್ಲಿ, ಕೊಟ್ಟ ದಾನವೆಂದು ಹೇಳಿಕೊಳ್ಳುವ ತಾಮ್ರಪಟ ಇಲ್ಲಿನದು. ಜೆ.ಎಫ್. ಫ್ಲೀಟ್ ಅದನ್ನು ಕೂಟವೆಂದೇ ಪ್ರಕಟಿಸಿದ. ತಾಮ್ರ ನಿಜ, ಅಕ್ಷರ ನಿಜ, ಆದರೆ ಅದು ಹೇಳಿಕೊಳ್ಳುವ ಹುಟ್ಟು ನಿಜವಲ್ಲ ಎಂಬುದು ಅವನ ತೀರ್ಪು. ಕೊಣ್ಣೂರಿನ ಕಲ್ಲು ತಾನು ಪ್ರತಿ ಎಂದು ಹೇಳಿಕೊಂಡಿತು. ಸೂಡಿಯ ತಗಡು ತಾನೇ ಮೂಲವೆಂದಿತು. ಎರಡೂ ವಿದ್ವಾಂಸರ ಸಂಶಯಕ್ಕೆ ಒಳಗಾದರೂ ನೈತಿಕವಾಗಿ ಅವು ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಪ್ರತಿಯಂತೆ ಕಂಡೂ ಪ್ರತಿಯಲ್ಲದ ಇನ್ನೊಂದು ಬಗೆ ಇಂದಿನ ಫೋನುಗಳಲ್ಲಿದೆ, ಅದು ಸಿಂಕ್. ಫೋನಿನಲ್ಲಿರುವುದನ್ನೇ ಕ್ಲೌಡಿನಲ್ಲೂ ತೋರಿಸುವ ಈ ವ್ಯವಸ್ಥೆಯಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಮೂಲದೊಂದಿಗೆ ತಾನೂ ಸಾಯುವುದು ಪ್ರತಿಬಿಂಬ. ಮೂಲ ಸತ್ತ ಮೇಲೂ ನಿಲ್ಲುವುದು ಮಾತ್ರ ಪ್ರತಿ. ವಾಟ್ಸ್ಆ್ಯಪ್‌ನ ಬ್ಯಾಕಪ್ ನಿಗದಿತ ಹೊತ್ತಿನಲ್ಲಿ ಒಮ್ಮೆ ಆಗುವಂಥದು. ಅದರ ಬಳಿಕ ಬಂದ ಸಂದೇಶಗಳು ಮುಂದಿನ ಸಲದವರೆಗೆ ಫೋನಿನಲ್ಲಿ ಮಾತ್ರ ಇರುತ್ತವೆ. 2021ರಲ್ಲಿ ಬಂದ ಪೂರ್ಣ ಗೂಢಲಿಪಿ ಬ್ಯಾಕಪ್ಪನ್ನು ಆರಿಸಿಕೊಂಡವರು ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀಲಿಯನ್ನು ಕಳೆದುಕೊಂಡರೆ ಆ ಪ್ರತಿಯೂ ಬರಿಯ ಸಂಸ್ಕಾರವಾಗಿ ಉಳಿಯುತ್ತದೆ. ಗೂಗಲ್ ಫೋಟೊಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಉಚಿತವಾಗಿ ಸಿಗುವ 15 ಜಿಬಿ ತುಂಬಿದ ದಿನ ಬ್ಯಾಕಪ್ ನಿಲ್ಲುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸಬಹುದೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಕ್ಲೌಡು ಶಾಶ್ವತವೆಂಬ ಭಾವನೆಗೆ ಯಾವ ಆಧಾರವೂ ಇಲ್ಲ.

ಒಂದೇ ಪ್ರತಿಯನ್ನು ಎಷ್ಟು ಭಕ್ತಿಯಿಂದ ಕಾಯ್ದರೂ ಅದು ಒಂದೇ. ದಿಗಂಬರ ಜೈನರ ಆಗಮಕ್ಕೆ ಇದರ ನೋವು ಚೆನ್ನಾಗಿ ಗೊತ್ತು. ಬಾಯಿಂದ ಬಾಯಿಗೆ ಬಂದ ‘ಪೂರ್ವ’ಗಳೆಂಬ ಆಗಮಗಳು ಧಾರಣಶಕ್ತಿ ಕುಗ್ಗುತ್ತ ನಷ್ಟವಾದವೆಂದೂ, ಉಳಿದ ತುಣುಕನ್ನು ಧರಸೇನಾಚಾರ್ಯರು ಪುಷ್ಪದಂತ ಮತ್ತು ಭೂತಬಲಿಗಳಿಗೆ ಕಲಿಸಿ, ಅವರು ‘ಷಟ್ಖಂಡಾಗಮ’ವಾಗಿ ಬರೆದಿಟ್ಟರೆಂದೂ ಸಂಪ್ರದಾಯ ಹೇಳುತ್ತದೆ. ಅದಕ್ಕೆ ವೀರಸೇನರು ‘ಧವಲಾ’ ಟೀಕೆ ಬರೆದರು. ಅವರು ಆರಂಭಿಸಿದ ‘ಜಯಧವಲಾ’ವನ್ನು ಅಮೋಘವರ್ಷನ ಗುರುಗಳಾದ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದರು, ಕೊಳನೂರಿನ ದಾನಕ್ಕೆ ಇನ್ನೂ ಎರಡು ದಶಕ ಬಾಕಿಯಿತ್ತು. ಮುಂದೆ ಈ ಮಹಾಗ್ರಂಥಗಳ ಹಳೆಯ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದವು. ಯಾತ್ರಿಕರು ಅವನ್ನು ದರ್ಶನ ಮಾಡಿ ಕೈಮುಗಿಯುತ್ತಿದ್ದರು, ಓದುವವರು ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಶುರುವಾದ ಪ್ರತಿಲೇಖನ ದಶಕಗಳ ಕಾಲ ನಡೆಯಿತು. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ‘ಧವಲಾ’ದ ಮುದ್ರಣ ಆರಂಭವಾದದ್ದು 1939ರಲ್ಲಿ. ಪ್ರತಿಲೇಖನಕ್ಕೂ ಮುನ್ನ ಬೆಂಕಿಯೋ ಗೆದ್ದಲೋ ಒಮ್ಮೆ ಗೆದ್ದಿದ್ದರೆ ಸಾವಿರ ವರ್ಷಗಳ ವಿದ್ಯೆ ಅಲ್ಲಿಗೆ ಮುಗಿಯುತ್ತಿತ್ತು. ಪೂಜಿಸಿ ಕಾಯುವುದೂ ಪ್ರತಿ ಮಾಡಿ ಕಾಯುವುದೂ ಬೇರೆ ಬೇರೆ ಎಂಬುದನ್ನು ಇಷ್ಟು ಕಠೋರವಾಗಿ ಕಲಿಸುವ ಘಟನೆ ಕನ್ನಡನಾಡಿನಲ್ಲಿ ಮತ್ತೊಂದಿಲ್ಲ.

ಇದಕ್ಕೆ ಎದುರು ನಿಲ್ಲುವವಳು ಗದಗ ಜಿಲ್ಲೆಯದೇ ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ ಕಣ್ಮರೆಯಾಗದಿರಲೆಂದು ಅವಳು ಅದರ ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಆ ಕಾಲದಲ್ಲಿ ಒಂದೊಂದು ಪ್ರತಿಯೂ ಲಿಪಿಕಾರನೊಬ್ಬನ ಎಷ್ಟೋ ದಿನಗಳ ದುಡಿಮೆ. ಜೈನಧರ್ಮದಲ್ಲಿ ಆಹಾರ, ಅಭಯ, ಔಷಧಗಳ ಸಾಲಿನಲ್ಲಿಯೇ ಶಾಸ್ತ್ರದಾನವೂ ನಿಲ್ಲುತ್ತದೆ. ಹಸಿದವನಿಗೆ ಅನ್ನ ಕೊಟ್ಟಷ್ಟೇ ಪುಣ್ಯ ಗ್ರಂಥದ ಪ್ರತಿ ಕೊಟ್ಟದ್ದಕ್ಕೂ ಇದೆ. ತನಗಾಗಿ ಇಟ್ಟುಕೊಂಡ ಇನ್ನೊಂದು ಪ್ರತಿ ಕೇವಲ ರಕ್ಷಣೆ. ಇತರರ ಕೈಗೆ ಕೊಟ್ಟ ಪ್ರತಿ ದಾನ. ಉಳಿವಿನ ದೃಷ್ಟಿಯಿಂದಲೂ ದಾನವೇ ಮೇಲು, ಏಕೆಂದರೆ ಸಾವಿರ ಮನೆಗಳಿಗೆ ಒಂದೇ ದಿನ ಬೆಂಕಿ ಬೀಳುವುದಿಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರು ಹಿರಿಯರ ಫೋಟೊಗಳನ್ನೂ ಧ್ವನಿಮುದ್ರಣಗಳನ್ನೂ ಒಬ್ಬರ ಫೋನಿನಲ್ಲಿ ಬಿಡದೆ ಎಲ್ಲರ ಮನೆಯಲ್ಲೂ ಇಟ್ಟುಕೊಳ್ಳುವುದು ಅತ್ತಿಮಬ್ಬೆಯ ದಾರಿಯೇ.

ಯಂತ್ರ, ಓಲೆ, ಕಲ್ಲುಗಳಲ್ಲದೆ ಮನುಷ್ಯರೇ ಪ್ರತಿಯಾಗಿ ನಿಂತ ಪದ್ಧತಿಯೂ ಈ ಭಾಗದಲ್ಲಿದೆ. ಹೆಳವರು ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಪ್ರತಿಯೊಂದು ಮನೆತನದ ಮೂಲಪುರುಷನಿಂದ ಈಚಿನವರೆಗೆ ವಂಶಾವಳಿಯನ್ನು ಹೇಳುವವರು. ಯಾರು ಎಲ್ಲಿಂದ ಬಂದರು, ಯಾರಿಗೆ ಯಾರು ಹುಟ್ಟಿದರು ಎಂಬುದನ್ನು ಮನೆಯವರು ಮರೆತರೂ ಹೆಳವರು ಮರೆಯುವುದಿಲ್ಲ. ಹಲವು ವರ್ಷಕ್ಕೊಮ್ಮೆ ಬಂದಾಗ ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ. ಮನೆಯವರು ಕಾಳುಕಡಿ, ಬಟ್ಟೆ, ಹಣ ಕೊಟ್ಟು ಕಳಿಸುತ್ತಾರೆ. ಮನೆತನದ ನೆನಪು ಮನೆಯ ಹೊರಗೆ, ಬೇರೊಬ್ಬರ ವಶದಲ್ಲಿ, ಅನ್ನದ ಋಣದಿಂದ ಕಟ್ಟಿಕೊಂಡು ಸುರಕ್ಷಿತವಾಗಿರುತ್ತದೆ. ಅವರು ಮನೆ ಮುಂದೆ ನಿಂತು ಹೇಳುವಾಗ ಮುದುಕರು ಕೇಳುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ. ಪ್ರತಿ ಭೇಟಿಯೂ ಪ್ರತಿಯ ಪರೀಕ್ಷೆಯೇ ಆಗುತ್ತದೆ. ಕ್ಲೌಡಿನಲ್ಲಿ ಇಲ್ಲದ ಗುಣವಿದು: ಅದು ಇಟ್ಟುಕೊಳ್ಳುತ್ತದೆ, ಆದರೆ ಬಾಗಿಲಿಗೆ ಬಂದು ಓದಿ ಹೇಳುವುದಿಲ್ಲ.

ಓದಿ ನೋಡದ ಬ್ಯಾಕಪ್ಪನ್ನು ನಂಬಬಾರದು. ಎಷ್ಟೋ ಜನ ಫೋನು ಸತ್ತ ಮೇಲೆಯೇ ಮೊದಲ ಸಲ ತಮ್ಮ ಬ್ಯಾಕಪ್ಪನ್ನು ತೆರೆಯುತ್ತಾರೆ. ಆಗ ಅದು ಹಲವು ತಿಂಗಳ ಹಿಂದೆಯೇ ನಿಂತಿತ್ತೆಂದೂ, ಬೇರೆ ನಂಬರಿಗೆ ಜೋಡಿಸಿತ್ತೆಂದೂ, ಫೋಟೊ ಇದ್ದು ವಿಡಿಯೊ ಇಲ್ಲವೆಂದೂ ತಿಳಿಯುತ್ತದೆ. ಕಾಲಕಾಲಕ್ಕೆ ನವೀಕರಿಸುವ ಈ ಕರ್ತವ್ಯಕ್ಕೂ ಸೂಡಿಯಲ್ಲಿ ನಿದರ್ಶನವಿದೆ. 11ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯ ಅರಸುಮನೆತನದ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದಳು. ಚೋಳರ ಯುದ್ಧದ ಹೊಡೆತಕ್ಕೆ ಊರಿನ ಕಟ್ಟುಪಾಡು ಕುಸಿದಿತ್ತು. ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಅವಳು ಮಂತ್ರಿಗಳೊಂದಿಗೆ ಸೇರಿ ಸೂಡಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಅವರ ಮರ್ಯಾದೆಯನ್ನು ಹೊಸದಾಗಿ ಮಾಡಿಕೊಟ್ಟಳೆಂದು ಶಾಸನ ಹೇಳುತ್ತದೆ. ಪತ್ರ ಮಾತ್ರ ಉಳಿದರೆ ಸಾಲದು, ಅದನ್ನು ಒಪ್ಪಿ ನಡೆಸುವ ಜನರೂ ಒಟ್ಟಾಗಿ ಉಳಿಯಬೇಕು. ಅಕ್ಕಾದೇವಿ ಜೋಡಿಸಿದ್ದು ಇವೆರಡನ್ನೂ.

ಮರಳಿ ಕಟ್ಟಿದ್ದು ಇದ್ದಂತೆಯೇ ಇರಬೇಕೆಂಬ ಹಟವೂ ಸಲ್ಲ. 12ನೆಯ ಶತಮಾನದ ಕಲ್ಯಾಣದ ಕಲಹದಲ್ಲಿ ಚದುರಿದ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ‘ಶೂನ್ಯಸಂಪಾದನೆ’ಯಲ್ಲಿ ಸಂವಾದದ ಕ್ರಮಕ್ಕೆ ತಂದ. ಬಿಡಿಬಿಡಿ ವಚನಗಳು ಅಲ್ಲಿ ಪ್ರಶ್ನೆ-ಉತ್ತರಗಳಾದವು. ಆ ಜೋಡಣೆ ಸಂಪಾದಕನದು. ಹಾಗಿದ್ದೂ ಯಾವ ವಚನ ಯಾರದು ಎಂಬುದು ಅಂಕಿತದಿಂದ ತಿಳಿಯುತ್ತದೆ. ಕ್ರಮ ಬದಲಾದರೂ ಒಡೆತನ ಕೆಡಲಿಲ್ಲ. ಬ್ಯಾಕಪ್ಪಿನಿಂದ ಮರಳಿದ ಫೋಟೊಗಳು ಹಳೆಯ ಆಲ್ಬಮ್ಮಿನ ಕ್ರಮ ಕಳೆದುಕೊಂಡು ರಾಶಿಯಾಗಿ ಬಂದಾಗ, ಪ್ರತಿಯೊಂದರಲ್ಲೂ ದಿನಾಂಕ ಮತ್ತು ಹೆಸರು ಉಳಿದಿದೆಯೇ ಎಂದು ಮೊದಲು ನೋಡಬೇಕಾದದ್ದು ಇದಕ್ಕಾಗಿಯೇ.

ಕೊನೆಯ ಪ್ರಶ್ನೆ ಎಲ್ಲವನ್ನೂ ಉಳಿಸಬೇಕೇ ಎಂಬುದು. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಈ ಮೂವರನ್ನು ಹೆಸರು ಹಿಡಿದು ಕರೆಯುತ್ತಾರೆ. ಅದರಾಚೆಯವರಿಗೆ ಪ್ರತ್ಯೇಕ ಪಿಂಡವಿಲ್ಲ. ನೆನಪಿಗೂ ಒಂದು ಮೇರೆಯಿದೆ, ಅದರಾಚೆ ವ್ಯಕ್ತಿ ಪಿತೃಗಣದಲ್ಲಿ ಕರಗುತ್ತಾನೆ ಎಂಬ ಒಪ್ಪಿಗೆ ಈ ವಿಧಿಯಲ್ಲಿದೆ. ಫೋನು ಇಂಥ ಮೇರೆಯನ್ನು ಅರಿಯದು. ಅಸಹ್ಯ ಜಗಳವನ್ನೂ ಮಗುವಿನ ಮೊದಲ ಮಾತನ್ನೂ ಒಂದೇ ಶ್ರದ್ಧೆಯಿಂದ ಕಾಯುತ್ತದೆ. ಆಯ್ಕೆ ಮಾಡಿ ಉಳಿಸುವ ಭಾರ ಮನುಷ್ಯರದು. ಅದು ಒಡೆಯನ ಹಕ್ಕೂ ಹೌದು. ತೀರಿಕೊಂಡವರ ಫೋನಿನ ಬೀಗ ತೆಗೆಸಲು ಮನೆಯವರು ಅಂಗಡಿಗೆ ಬಂದಾಗ ಪ್ರೀತಿಗೂ ಗೌಪ್ಯಕ್ಕೂ ಘರ್ಷಣೆ ಏಳುತ್ತದೆ. ಬೀಗ ಹಾಕಿದ್ದು ಅವರೇ, ಕೀಲಿ ಕೊಡದೆ ಹೋದದ್ದೂ ಅವರೇ. ಆ ಮೌನವನ್ನು ಮರೆವೆಂದು ಓದಬೇಕೋ ಇಚ್ಛೆಯೆಂದು ಓದಬೇಕೋ ಹೊರಗಿನವರು ನಿರ್ಣಯಿಸಲಾರರು. ಆ ಕಷ್ಟವನ್ನು ತಪ್ಪಿಸಬಲ್ಲವರು ಬದುಕಿದ್ದಾಗಿನ ಅವರೊಬ್ಬರೇ. ನಿಗದಿತ ಕಾಲ ಖಾತೆ ಬಳಕೆಯಾಗದಿದ್ದರೆ ಅದರೊಳಗಿನ ಯಾವ ಭಾಗ ಯಾರಿಗೆ ಸೇರಬೇಕೆಂದು ಮೊದಲೇ ಹೇಳಿಡುವ ಅನುಕೂಲ ಗೂಗಲ್ ಖಾತೆಯಲ್ಲಿದೆ. ಆ್ಯಪಲ್ 2021ರ ಕೊನೆಯಲ್ಲಿ ವಾರಸುದಾರ ಸಂಪರ್ಕವನ್ನು ನಮೂದಿಸುವ ಏರ್ಪಾಡು ತಂದಿತು. ಇವೆರಡರಲ್ಲೂ ಬೇಕಾದದ್ದನ್ನು ಮಾತ್ರ ಕೊಟ್ಟು ಉಳಿದದ್ದನ್ನು ಮುಚ್ಚಿಡಲು ಅವಕಾಶ ಒಂದೇ ಅಳತೆಯಲ್ಲಿಲ್ಲ. ಗೂಗಲ್‌ನಲ್ಲಿ ಭಾಗಭಾಗವಾಗಿ ಆರಿಸಬಹುದು, ಖಾತೆಯನ್ನೇ ಅಳಿಸಲು ಹೇಳಿಡಬಹುದು; ಆ್ಯಪಲ್‌ನಲ್ಲಿ ವಾರಸುದಾರರಿಗೆ ಮರಣಪತ್ರ ಮತ್ತು ಪ್ರವೇಶದ ಕೀಲಿ ಎರಡೂ ಬೇಕು, ಆದರೆ ಕೂಡಿಟ್ಟ ಪಾಸ್‌ವರ್ಡುಗಳು ಅವರಿಗೆ ಸಿಗುವುದಿಲ್ಲ.